ಗಟ್ಟಿಯೂ ಇರಬೇಕು, ಹಗುರವೂ ಇರಬೇಕು: 300 ಗಜದ ರೈಫಲ್‌ಗೆ ಯಾವ ಸ್ಕೋಪ್?

"ಅಣ್ಣಾ, 24 ಪವರ್ ಸಾಕಾ, ಇಲ್ಲಾ ಇನ್ನೂ ಜಾಸ್ತಿದು ತಗೊಳ್ಳಲಾ?"

ಡಲ್ಲಾಸ್‌ನಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನ್ ಮಾಡಿ ಕೇಳಿದ. ಕೇಳಿದ್ದು ಗುರಿ ಇಡಲು ರೈಫಲ್ಲಿನ ಮೇಲೆ ಕೂರಿಸುವ ದೂರದರ್ಶಕದ, ಅಂದರೆ ಸ್ಕೋಪಿನ, ವಿಷಯ. 24 ಪವರ್ ಅಂದರೆ ಇಪ್ಪತ್ತನಾಲ್ಕು ಪಟ್ಟು ಹತ್ತಿರ ಕಾಣುವುದು. ಅವನು ಕೊಂಡಿದ್ದು 20 ಇಂಚು ಬ್ಯಾರೆಲ್ಲಿನ (ನಳಿಗೆಯ) .308 ಬೋಲ್ಟ್ ರೈಫಲ್. .308 ಅನ್ನುವುದು ಗುಂಡಿನ ಅಳತೆ, ಬೋಲ್ಟ್ ಅಂದರೆ ಪ್ರತಿ ಈಡಿಗೂ ಕೈಯಿಂದ ಎಳೆದು ತುಂಬುವುದು. ಬರಿ ರೈಫಲ್ ತೂಕ ಮೂರು ಕೆಜಿ. ಹೊಡೆಯಬೇಕೆಂದಿರುವುದು ಟೆಕ್ಸಸ್‌ನ ಹಿಲ್ ಕಂಟ್ರಿಯಲ್ಲಿ, ಬಿಳಿಬಾಲದ ಜಿಂಕೆ. ಅಲ್ಲಿ ಓಕ್ ಮತ್ತು ಸೀಡರ್ ಮರಗಳ ನಡುವೆ ಕಣ್ಣು ಹಾಯುವುದೇ ಹೆಚ್ಚೆಂದರೆ 200 ಗಜ. ಎಲ್ಲೋ ಒಂದು ಬಯಲು ಸಿಕ್ಕರೆ 300. ಇಷ್ಟಕ್ಕೆ 24 ಪವರ್ ಯಾಕಪ್ಪಾ ಅಂದರೆ, "ಚೆನ್ನಾಗಿ ಕಾಣಿಸಲಿ ಅಂತ" ಅಂದ.

ನಾನೂ ಹಾಗೇ ಶುರು ಮಾಡಿದವನು. ಅದಕ್ಕೇ ಅವನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ. ಅಮೆರಿಕದಲ್ಲಿದ್ದುಕೊಂಡು ಕಾನೂನಿನ ಪ್ರಕಾರ ಬೇಟೆಗೆ ಅಥವಾ ಗುರಿ ಅಭ್ಯಾಸದ ರೇಂಜಿಗೆ ಹೋಗುವ ಕನ್ನಡದವರಿಗೆ ಇದು ಉಪಯೋಗಕ್ಕೆ ಬರಬಹುದು. ವೀಸಾದ ಮೇಲಿರುವವರು ಮಾತ್ರ ಒಂದು ವಿಷಯ ನೆನಪಿಡಿ. ಎಚ್-1ಬಿ ತರಹದ ವೀಸಾದಲ್ಲಿ ಬಂದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಅಲ್ಲಿನ ಫೆಡರಲ್ ಕಾನೂನಿನಲ್ಲಿ ತಡೆ ಇದೆ. ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿಯೂ ಇದೆ. ಸ್ಕೋಪಿನ ಯೋಚನೆಗಿಂತ ಮೊದಲು ಅದನ್ನು ವಕೀಲರ ಹತ್ತಿರ ಕೇಳಿ ಬಗೆಹರಿಸಿಕೊಳ್ಳಿ.

ನಾನು ಕೊಡಗಿನವನು. ನಮ್ಮಜ್ಜನ ಹತ್ತಿರ ಇದ್ದದ್ದು ಒಂಟಿ ನಳಿಗೆ ಕೋವಿ. ಕೈಲ್‌ಪೊಳ್ದ್ ಹಬ್ಬದಲ್ಲಿ ಅದಕ್ಕೆ ಪೂಜೆ ಆದಮೇಲೆ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವುದು. ನಳಿಗೆ ತುದಿಯಲ್ಲಿ ಒಂದು ಪುಟ್ಟ ಮಣಿ, ಅಷ್ಟೇ ಗುರಿ ಸಾಮಾನು. ಬೀಳಲಿ, ಒದ್ದೆಯಾಗಲಿ, ಅಟ್ಟದ ಮೇಲೆ ವರ್ಷಗಟ್ಟಲೆ ಇರಲಿ, ಆ ಮಣಿ ಇದ್ದಲ್ಲೇ ಇರುತ್ತಿತ್ತು. ಆ ಮಣಿ ನೋಡಿಕೊಂಡು ಬೆಳೆದವನಿಗೆ, ಸ್ಕೋಪ್ ಅನ್ನುವುದು ತಾನಾಗಿಯೇ ಗುರಿ ಬದಲಾಯಿಸಬಲ್ಲ ವಸ್ತು ಅಂತ ಗೊತ್ತಾಗಲು ಒಂದು ಬೇಟೆ ಋತು ಪೂರ್ತಿ ಹಾಳಾಗಬೇಕಾಯಿತು.

ಆದದ್ದು ಇಷ್ಟು. ಮೊದಲ ವರ್ಷ ನಾನು ಕೊಂಡದ್ದು 6-24 ಪವರಿನ, 50 ಮಿಲಿಮೀಟರ್ ಗಾಜಿನ, ಅಗ್ಗದ ಸ್ಕೋಪ್. ಯಾವ ಕಂಪನಿ ಅಂತ ಹೇಳುವುದಿಲ್ಲ. ಅಂಗಡಿಯಲ್ಲಿ ನೋಡಿದಾಗ ಸೊಗಸಾಗಿತ್ತು. ಅಕ್ಟೋಬರಿನಲ್ಲಿ ರೇಂಜಿಗೆ ಹೋಗಿ 100 ಗಜಕ್ಕೆ ಝೀರೋ ಮಾಡಿದೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದೆ, ಮೂರು ಗುಂಡು ಒಂದೂವರೆ ಇಂಚಿನೊಳಗೆ ಬಿದ್ದವು. ನವೆಂಬರಿನ ಮೊದಲ ಶನಿವಾರ ಋತು ಶುರು. ರೈಫಲ್ಲನ್ನು ಟ್ರಕ್ಕಿನ ಹಿಂದೆ ಹಾಕಿಕೊಂಡು ಕಲ್ಲುದಾರಿಯಲ್ಲಿ ಹೋದೆ. ಸುಮಾರು 120 ಗಜದಲ್ಲಿ ನಿಂತಿದ್ದ ಜಿಂಕೆಗೆ ಹೊಡೆದೆ. ಗುಂಡು ಎಲ್ಲಿ ಹೋಯಿತೋ ದೇವರಿಗೇ ಗೊತ್ತು. ಪುಣ್ಯಕ್ಕೆ ಜಿಂಕೆಗೆ ಏನೂ ಆಗಿರಲಿಲ್ಲ. ರಕ್ತ ಇಲ್ಲ, ಕೂದಲಿಲ್ಲ, ಎರಡು ತಾಸು ಹುಡುಕಿದರೂ ಇಲ್ಲ. ಮಾರನೇ ವಾರ ರೇಂಜಿನಲ್ಲಿ ನೋಡಿದರೆ ಗುಂಡು ಒಂಬತ್ತು ಇಂಚು ಎಡಕ್ಕೆ ಬೀಳುತ್ತಿತ್ತು. ಸರಿಮಾಡಿದೆ. ಹತ್ತು ಗುಂಡಾದ ಮೇಲೆ ಮತ್ತೆ ಬೇರೆ ಕಡೆ.

ಗುಂಡು ತಪ್ಪಿದ್ದಕ್ಕಿಂತ, ಜಿಂಕೆಯ ಹೊಟ್ಟೆಗೆ ಬಿದ್ದಿದ್ದರೆ ಅನ್ನುವ ಯೋಚನೆಯೇ ಬಹಳ ದಿನ ಕಾಡಿತು. ಆವತ್ತಿನಿಂದ ಸ್ಕೋಪ್ ನೋಡುವಾಗ ನನ್ನ ಮೊದಲ ಪ್ರಶ್ನೆ ಬದಲಾಯಿತು. ಎಷ್ಟು ದೊಡ್ಡದಾಗಿ ಕಾಣುತ್ತದೆ ಅಂತ ಕೇಳುವುದು ಬಿಟ್ಟೆ. ಇವತ್ತು ಇಟ್ಟ ಗುರಿ ನಾಳೆಯೂ ಅಲ್ಲೇ ಇರುತ್ತದಾ ಅಂತ ಕೇಳಲು ಶುರು ಮಾಡಿದೆ.

ಒಳಗೆ ಏನಿದೆ, ಎಲ್ಲಿ ಕೆಡುತ್ತದೆ

ಸ್ಕೋಪ್ ಅಂದರೆ ಕೊಳವೆಯೊಳಗೊಂದು ಕೊಳವೆ. ಒಳಗಿನ ಪುಟ್ಟ ಕೊಳವೆಯಲ್ಲಿ ಚಿತ್ರ ನೇರ ಮಾಡುವ ಮಸೂರಗಳು ಮತ್ತು ಗುರಿಗೆರೆ, ಅಂದರೆ ರೆಟಿಕಲ್, ಇರುತ್ತವೆ. ಮೇಲಿನ ಟರೆಟ್, ಅಂದರೆ ಗುರಿ ಹೊಂದಿಸುವ ಗುಂಡಿ, ತಿರುಗಿಸಿದರೆ ಒಂದು ತಿರುಪು ಆ ಒಳಕೊಳವೆಯನ್ನು ಕೆಳಕ್ಕೆ ಒತ್ತುತ್ತದೆ. ಪಕ್ಕದ್ದು ಪಕ್ಕಕ್ಕೆ ಒತ್ತುತ್ತದೆ. ಎದುರು ಕಡೆಯಿಂದ ಒಂದು ಸ್ಪ್ರಿಂಗ್ ವಾಪಸ್ ತಳ್ಳುತ್ತಿರುತ್ತದೆ. ನಿಮ್ಮ ಝೀರೋ ನಿಂತಿರುವುದು ಈ ಸ್ಪ್ರಿಂಗಿನ ಮೇಲೆ. ಸ್ಪ್ರಿಂಗ್ ಸೋತರೆ, ಒಳಕೊಳವೆಯ ಕೀಲು ಸಡಿಲವಾದರೆ, ಪ್ರತಿ ಈಡಿಗೂ ಅದು ಕೂದಲೆಳೆಯಷ್ಟು ಸರಿದು ಕೂರುತ್ತದೆ. ಒಳಗೆ ಕೂದಲೆಳೆ ಸರಿದರೆ 100 ಗಜದಲ್ಲಿ ಅದು ಇಂಚುಗಟ್ಟಲೆ ಆಗುತ್ತದೆ.

ಪವರ್ ಬದಲಾಗುವ ಸ್ಕೋಪುಗಳಲ್ಲಿ ಆ ಒಳಕೊಳವೆಯೊಳಗೆ ಮಸೂರಗಳು ಹಿಂದೆ ಮುಂದೆ ಜಾರಬೇಕು. 6ರಿಂದ 24ರವರೆಗೆ ಜಾರಬೇಕಾದರೆ ಜಾಸ್ತಿ ಭಾಗ, ಜಾಸ್ತಿ ದೂರ. ಇದನ್ನು ಕರಾರುವಾಕ್ಕಾಗಿ ಮಾಡಬಹುದು, ಆದರೆ ಅದಕ್ಕೆ ದುಡ್ಡಾಗುತ್ತದೆ. ಅಗ್ಗದಲ್ಲಿ ದೊಡ್ಡ ಝೂಮ್ ಕೊಡುತ್ತಾರೆಂದರೆ ಎಲ್ಲೋ ಉಳಿಸಿದ್ದಾರೆ ಅಂತಲೇ ಅರ್ಥ. ಆ ಉಳಿತಾಯ ಆಗುವುದು ಸಾಮಾನ್ಯವಾಗಿ ನಮ್ಮ ಕಣ್ಣಿಗೆ ಕಾಣದ ಆ ಸ್ಪ್ರಿಂಗ್ ಮತ್ತು ಕೀಲಿನಲ್ಲಿ.

ಇನ್ನೊಂದು ಶತ್ರು ತೇವ. ಒಳ್ಳೆಯ ಸ್ಕೋಪಿನೊಳಗೆ ಗಾಳಿ ಇರುವುದಿಲ್ಲ. ಅದನ್ನು ತೆಗೆದು ಒಣ ನೈಟ್ರೋಜನ್ ಅಥವಾ ಆರ್ಗಾನ್ ತುಂಬಿ ರಬ್ಬರ್ ಉಂಗುರಗಳಿಂದ ಮುಚ್ಚಿರುತ್ತಾರೆ. ಒರೆಗಾನ್ ರಾಜ್ಯದ ಲೂಪೋಲ್ಡ್ ಕಂಪನಿ ಸ್ಕೋಪ್ ಮಾಡಲು ಇಳಿದದ್ದೇ ಇದರಿಂದ ಅಂತ ಅವರೇ ಹೇಳಿಕೊಳ್ಳುತ್ತಾರೆ. ಕಂಪನಿಯ ಮಾರ್ಕಸ್ ಲೂಪೋಲ್ಡ್ ಅವರ ಸ್ಕೋಪಿನೊಳಗೆ ಮಂಜು ಕಟ್ಟಿ ಜಿಂಕೆ ತಪ್ಪಿತಂತೆ, ಇದಕ್ಕಿಂತ ಒಳ್ಳೆಯದನ್ನು ನಾನೇ ಮಾಡುತ್ತೇನೆ ಅಂದರಂತೆ. 1947ರಲ್ಲಿ ಅವರ ಮೊದಲ ಸ್ಕೋಪ್ ಬಂತು. ಅಂದಹಾಗೆ ನೈಟ್ರೋಜನ್ ತಡೆಯುವುದು ಒಳಗಿನ ಮಂಜನ್ನು ಮಾತ್ರ. ಬೆಳಗಿನ ಚಳಿಯಲ್ಲಿ ನಿಮ್ಮದೇ ಉಸಿರು ಹಿಂದಿನ ಗಾಜಿಗೆ ಬಡಿದು ಮಬ್ಬಾದರೆ ಅದಕ್ಕೆ ಕಂಪನಿಯನ್ನು ಬೈಯಬೇಡಿ.

ಪವರ್ ಎಷ್ಟು ಬೇಕು?

ನಾನು ಕಟ್ಟಿಕೊಂಡಿರುವ ಲೆಕ್ಕ ಒರಟು. 100 ಗಜಕ್ಕೆ 2 ಪವರ್ ಸಾಕು. 200ಕ್ಕೆ 4, 300ಕ್ಕೆ 6. ಜಿಂಕೆಯ ಎದೆಯಲ್ಲಿ ಗುಂಡು ಬೀಳಬೇಕಾದ ಜಾಗ ಸುಮಾರು ಎಂಟು ಇಂಚಿನ ತಟ್ಟೆಯಷ್ಟು. 6 ಪವರಿನಲ್ಲಿ 300 ಗಜದ ಜಿಂಕೆ, ಬರಿಗಣ್ಣಿಗೆ 50 ಗಜದಲ್ಲಿ ಕಂಡಷ್ಟು ಕಾಣುತ್ತದೆ. 50 ಗಜದಲ್ಲಿ ತಟ್ಟೆ ಕಾಣದವರು ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ಸ್ಕೋಪಿನ ಅಂಗಡಿಗಲ್ಲ.

ಪವರ್ ಜಾಸ್ತಿಯಾದಷ್ಟೂ ಮೂರು ಕೆಡುಕು. ಒಂದು, ನೋಟದ ಅಗಲ ಕಡಿಮೆಯಾಗುತ್ತದೆ. 100 ಗಜದಲ್ಲಿ 9 ಪವರಿನ ಸ್ಕೋಪ್ ಸುಮಾರು 12ರಿಂದ 14 ಅಡಿ ಅಗಲ ತೋರಿಸುತ್ತದೆ. 2 ಪವರಿನಲ್ಲಿ ಅದು ನಲವತ್ತು ಅಡಿ ದಾಟುತ್ತದೆ. ಪೊದೆಯಿಂದ ಹೊರಬಂದು ಎರಡು ಹೆಜ್ಜೆ ಇಟ್ಟು ಮತ್ತೆ ಮರೆಯಾಗುವ ಪ್ರಾಣಿಯನ್ನು 9 ಪವರಿನಲ್ಲಿ ಹುಡುಕುವಷ್ಟರಲ್ಲಿ ಅದು ಹೋಗಿಯೇ ಆಯಿತು. ಎರಡು, ಕೈ ನಡುಕವೂ ಅಷ್ಟೇ ದೊಡ್ಡದಾಗಿ ಕಂಡು ಮನಸ್ಸು ಗಾಬರಿಯಾಗುತ್ತದೆ. ಮೂರು, ಬೆಳಕು.

ಬೆಳಕಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಬಹಳ ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. ಮುಂದಿನ ಗಾಜಿನ ಅಗಲವನ್ನು ಪವರಿನಿಂದ ಭಾಗಿಸಿ. ಬರುವ ಸಂಖ್ಯೆಯಷ್ಟು ಮಿಲಿಮೀಟರ್ ಅಗಲದ ಬೆಳಕಿನ ಕಂತೆ ನಿಮ್ಮ ಕಣ್ಣಿಗೆ ಬರುತ್ತದೆ. 40 ಮಿಲಿಮೀಟರಿನ ಗಾಜು, 9 ಪವರ್ ಅಂದರೆ 4.4. ಅದೇ ಸ್ಕೋಪನ್ನು 6ಕ್ಕೆ ಇಳಿಸಿದರೆ 6.7. ಮುಸ್ಸಂಜೆಯಲ್ಲಿ ನಡುವಯಸ್ಸಿನವರ ಕಣ್ಣಿನ ಪಾಪೆ ಹಿಗ್ಗುವುದು ಐದಾರು ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಬೆಳಕು ಬಂದರೆ ಕಣ್ಣಿನೊಳಗೇ ಹೋಗುವುದಿಲ್ಲ. ಟೆಕ್ಸಸ್‌ನಲ್ಲಿ ಸೂರ್ಯ ಹುಟ್ಟುವ ಅರ್ಧ ಗಂಟೆ ಮೊದಲಿನಿಂದ ಮುಳುಗಿದ ಅರ್ಧ ಗಂಟೆಯವರೆಗೆ ಜಿಂಕೆ ಬೇಟೆಗೆ ಅವಕಾಶ. ಆ ಕೊನೆಯ ಅರ್ಧ ಗಂಟೆಗೆ 33 ಮಿಲಿಮೀಟರಿನ ಗಾಜು 5 ಪವರಿನಲ್ಲಿ 6.6 ಕೊಡುತ್ತದೆ. ಸಾಕಲ್ವಾ? 50, 56 ಮಿಲಿಮೀಟರಿನ ದೊಡ್ಡ ಗಾಜು ಹಾಕಿಸಿಕೊಂಡರೆ ಸ್ಕೋಪ್ ಎತ್ತರಕ್ಕೆ ಹೋಗುತ್ತದೆ, ಕೆನ್ನೆ ಹಿಡಿಗೆ ತಾಗುವುದಿಲ್ಲ, ಕುತ್ತಿಗೆ ಕೋಳಿಯ ಹಾಗೆ ಎತ್ತಿಕೊಂಡು ಗುರಿ ಇಡಬೇಕಾಗುತ್ತದೆ.

"ಚೆನ್ನಾಗಿ ಕಾಣಿಸಲಿ" ಅನ್ನುವುದಕ್ಕೆ ಉತ್ತರ ಬೈನಾಕ್ಯುಲರ್. ಕೊಂಬು ಎಣಿಸುವುದು, ಪೊದೆಯಲ್ಲಿ ಅಲ್ಲಾಡಿದ್ದು ಏನು ಅಂತ ನೋಡುವುದು, ಎಲ್ಲ ಅದರಲ್ಲೇ ಮಾಡಬೇಕು. ಸ್ಕೋಪಿನಲ್ಲಿ ನೋಡುವುದೆಂದರೆ ತುಂಬಿದ ರೈಫಲ್ಲಿನ ಬಾಯಿಯನ್ನು ಅತ್ತ ತಿರುಗಿಸುವುದು. ಆ ಪೊದೆಯಲ್ಲಿರುವುದು ಇನ್ನೊಬ್ಬ ಬೇಟೆಗಾರ ಆಗಿದ್ದರೆ?

ಎದುರಿಗಿರುವ ಆಯ್ಕೆಗಳು

ಈಗ ನಿಜವಾಗಿ ಅಂಗಡಿಯಲ್ಲಿ ಕಾಣುವ ಬಗೆಗಳಿಗೆ ಬರೋಣ. ಮಾಡೆಲ್ ಹೆಸರುಗಳನ್ನು ಉದಾಹರಣೆಗೆ ಹೇಳುತ್ತಿದ್ದೇನೆ. ಇದೇ ತೆಗೆದುಕೊಳ್ಳಿ ಅಂತಲ್ಲ.

3-9×40. ಅಂದರೆ 3ರಿಂದ 9 ಪವರ್, ಮುಂದಿನ ಗಾಜು 40 ಮಿಲಿಮೀಟರ್. ಅಮೆರಿಕದಲ್ಲಿ ಯಾವ ಜಿಂಕೆ ಬೇಟೆಗಾರನ ರೈಫಲ್ ನೋಡಿದರೂ ಇದು ಸಿಗುವ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಮನೆಗೊಂದು ಪ್ರೆಷರ್ ಕುಕ್ಕರ್ ಇದ್ದ ಹಾಗೆ. ಎಲ್ಲ ಕಂಪನಿಗಳೂ ಮಾಡುವುದರಿಂದ ಪೈಪೋಟಿ ಇದೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಲೂಪೋಲ್ಡ್ ವಿಎಕ್ಸ್-ಫ್ರೀಡಂ 3-9×40 ಸುಮಾರು 350 ಗ್ರಾಂ, ಉದ್ದ 12 ಇಂಚು ಚಿಲ್ಲರೆ. ಯಾವುದು ಬೇಕು ಅಂತ ಗೊತ್ತಿಲ್ಲದವರು ಕಣ್ಣು ಮುಚ್ಚಿಕೊಂಡು ಇದನ್ನೇ ಕೊಂಡರೂ ತಪ್ಪಿಲ್ಲ. ನನಗಿರುವ ದೂರು ಒಂದೇ. ಚಿಕ್ಕ ರೈಫಲ್ಲಿನ ಮೇಲೆ ಇದು ಸ್ವಲ್ಪ ಉದ್ದವಾಯಿತು ಅನ್ನಿಸುತ್ತದೆ, ಮತ್ತು ಆ 7ರಿಂದ 9ರ ನಡುವಿನ ಪವರನ್ನು ನಾನು ರೇಂಜಿನಲ್ಲಿ ಬಿಟ್ಟರೆ ಬೇರೆಲ್ಲೂ ಬಳಸಿಲ್ಲ.

2-7×33. ಇದೇ ಕಂಪನಿಯ ಇದೇ ಸಾಲಿನ ತಮ್ಮ. ಸುಮಾರು 315 ಗ್ರಾಂ, 11 ಇಂಚಿನ ಆಸುಪಾಸು. 35 ಗ್ರಾಂ ಏನು ಮಹಾ ಅಂತ ಕೇಳಬಹುದು. ತೂಕಕ್ಕಿಂತ ಮುಖ್ಯವಾದದ್ದು ಮುಂದಿನ ಗಾಜಿರುವ ಅಗಲ ತುದಿ ಚಿಕ್ಕದಾಗಿರುವುದು. ತಗ್ಗಿನ ರಿಂಗುಗಳಲ್ಲಿ, ಅಂದರೆ ಸ್ಕೋಪನ್ನು ರೈಫಲ್ಲಿಗೆ ಹಿಡಿದಿಡುವ ಉಂಗುರಗಳಲ್ಲಿ, ಬ್ಯಾರೆಲ್ಲಿಗೆ ಅಂಟಿದ ಹಾಗೆ ಕೂರುತ್ತದೆ, ಕೆನ್ನೆ ಇಟ್ಟ ತಕ್ಷಣ ಕಣ್ಣು ಸರಿಯಾದ ಜಾಗಕ್ಕೆ ಬರುತ್ತದೆ. ಬೀಳುವಾಗಲೂ ನೆಲಕ್ಕೆ ಬಡಿಯುವ ಭಾಗ ಕಡಿಮೆ. ಇದನ್ನು ಅಂಗಡಿಯವರು ಜಾಸ್ತಿ ಇಡುವುದಿಲ್ಲ, ಯಾಕೆಂದರೆ ಕೊಳ್ಳುವವರು 7ಕ್ಕಿಂತ 9 ದೊಡ್ಡದು ಅಂತ ಲೆಕ್ಕ ಹಾಕುತ್ತಾರೆ. ನನ್ನ ರೈಫಲ್ಲಿನ ಮೇಲೆ ಈಗ ಇರುವುದು ಈ ಬಗೆಯದೇ. ಆದ್ದರಿಂದ ನನ್ನ ಮಾತಿನಲ್ಲಿ ಪಕ್ಷಪಾತ ಇದ್ದರೆ ಅಷ್ಟನ್ನು ಕಳೆದು ಓದಿಕೊಳ್ಳಿ.

1-6×24. ಈಗಿನ ಹುಡುಗರ ಮೆಚ್ಚಿನದು. ಇಂಗ್ಲಿಷ್ ಅಕ್ಷರಗಳಲ್ಲಿ ಎಲ್‌ಪಿವಿಒ, ಅಂದರೆ ಕಡಿಮೆ ಪವರಿನಿಂದ ಶುರುವಾಗಿ ಬದಲಾಗುವ ಸ್ಕೋಪ್, ಅಂತ ಕರೆಯುತ್ತಾರೆ. 1 ಪವರಿನಲ್ಲಿ ಎರಡೂ ಕಣ್ಣು ತೆರೆದು ನೋಡಬಹುದು, 6ಕ್ಕೆ ತಿರುಗಿಸಿದರೆ 300 ಗಜ. ಗುರಿಗೆರೆಯ ನಡುವೆ ಕೆಂಪು ದೀಪ. ಕಾಗದದ ಮೇಲೆ ಇದಕ್ಕಿಂತ ಒಳ್ಳೆಯದಿಲ್ಲ. ವೋರ್ಟೆಕ್ಸ್ ಸ್ಟ್ರೈಕ್ ಈಗಲ್ 1-6×24 ಹೆಚ್ಚು ಕಡಿಮೆ ಅರ್ಧ ಕೆಜಿ ತೂಗುತ್ತದೆ. ಎಆರ್-15 ಅನ್ನುವ, ತಾನೇ ಗುಂಡು ತುಂಬಿಕೊಳ್ಳುವ ಹಗುರ ರೈಫಲ್ಲಿನ ಮೇಲೆ ಕೂರಿಸುವ ಒಂದೇ ತುಂಡಿನ ಮೌಂಟು (ಹಿಡಿಕೆ) ಸೇರಿಸಿದರೆ ಇನ್ನೊಂದು 200 ಗ್ರಾಂ. ಮೂರು ಕೆಜಿಯ ರೈಫಲ್ಲಿಗೆ ಮುಕ್ಕಾಲು ಕೆಜಿ ತಲೆಭಾರ ಆಯಿತು. ಹತ್ತಿರ-ದೂರ ಎರಡೂ ಬೇಕಾದವರಿಗೆ, ಅಂದರೆ ಒಂದೇ ಸ್ಪರ್ಧೆಯಲ್ಲಿ ಹತ್ತು ಗಜಕ್ಕೂ ಮುನ್ನೂರು ಗಜಕ್ಕೂ ಹೊಡೆಯುವವರಿಗೆ, ಇದು ಸರಿ. ಕಾಡುಹಂದಿ ಹಿಂಡು ನುಗ್ಗುವ ಜಾಗದಲ್ಲೂ ಸರಿ. ಮರದ ಗೂಡಿನಲ್ಲಿ ಕೂತು 100 ಗಜದ ಜಿಂಕೆಗೆ ಕಾಯುವವನಿಗೆ ಆ 1 ಪವರ್ ಯಾತಕ್ಕೆ? ಮುಸ್ಸಂಜೆಯಲ್ಲಿ 24 ಮಿಲಿಮೀಟರಿನ ಗಾಜು 6 ಪವರಿನಲ್ಲಿ 4 ಮಾತ್ರ ಕೊಡುತ್ತದೆ ಅನ್ನುವುದೂ ನೆನಪಿರಲಿ. ದೀಪಕ್ಕೆ ಬ್ಯಾಟರಿ ಬೇಕು. ಬ್ಯಾಟರಿ ಸತ್ತರೂ ಕರಿಗೆರೆ ಕಾಣುವಂಥದ್ದೇ ಆರಿಸಿ.

ಪ್ರಿಸಂ ಸ್ಕೋಪ್. ಉದ್ದ ಕೊಳವೆಯ ಮಸೂರಗಳ ಬದಲು ಬೈನಾಕ್ಯುಲರಿನಲ್ಲಿರುವಂತೆ ಗಾಜಿನ ಪ್ರಿಸಂ ಇಟ್ಟು ಚಿತ್ರ ನೇರ ಮಾಡುತ್ತದೆ. ಅದಕ್ಕೇ ಗಿಡ್ಡ. ಪವರ್ ಒಂದೇ, ಬದಲಾಗುವುದಿಲ್ಲ. ಗುರಿಗೆರೆಯನ್ನು ಗಾಜಿನ ಮೇಲೇ ಕೊರೆದಿರುತ್ತಾರೆ. ಕಣ್ಣಿನಲ್ಲಿ ಅಸ್ಟಿಗ್ಮಾಟಿಸಂ, ಅಂದರೆ ಕಣ್ಣಿನ ಉಬ್ಬು ಸಮನಾಗಿಲ್ಲದ ದೋಷ, ಇರುವವರಿಗೆ ರೆಡ್ ಡಾಟ್ ಅನ್ನುವ, ಕೆಂಪು ಚುಕ್ಕಿಯಿಂದ ಗುರಿ ತೋರಿಸುವ ಸಾಮಾನಿನ ಚುಕ್ಕಿ ಒಡೆದ ಮೊಟ್ಟೆಯ ಹಾಗೆ ಹರಡಿಕೊಂಡು ಕಾಣುತ್ತದೆ. ಅಂಥವರಿಗೆ ಪ್ರಿಸಂ ವರ. ನಮ್ಮ ಸಾಫ್ಟ್‌ವೇರ್ ಜನರಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಇದರಲ್ಲಿ ಹೆಸರಾದದ್ದು ಮಿಷಿಗನ್‌ನ ಟ್ರೈಜಿಕಾನ್ ಕಂಪನಿಯ ಏಕಾಗ್. 4×32ರ ಟಿಎ31 ಮಾದರಿ ಸುಮಾರು 280 ಗ್ರಾಂ, ಮೈಯೆಲ್ಲ ಬಡಿದು ಮಾಡಿದ 7075 ಅಲ್ಯುಮಿನಿಯಂ. ಬ್ಯಾಟರಿ ಇಲ್ಲ. ಹಗಲಲ್ಲಿ ಮೇಲಿನ ನಾರು ಬೆಳಕು ಹಿಡಿದು ಗುರಿ ಹೊಳೆಯುತ್ತದೆ, ಕತ್ತಲಲ್ಲಿ ಟ್ರಿಷಿಯಂ ಅನ್ನುವ ವಿಕಿರಣಶೀಲ ಅನಿಲ ಅದನ್ನು ಹೊಳೆಯಿಸುತ್ತದೆ. ಟ್ರಿಷಿಯಂ ಸುಮಾರು 12 ವರ್ಷದಲ್ಲಿ ಅರ್ಧ ಮಂಕಾಗುತ್ತದೆ ಅನ್ನುವುದು ಬೇರೆ ಮಾತು. ಅಮೆರಿಕದ ಸೈನ್ಯ ಇರಾಕ್, ಅಫ್ಘಾನಿಸ್ತಾನದಲ್ಲಿ ಇದನ್ನು ಬಳಸಿದೆ. ಗಟ್ಟಿ ಮತ್ತು ಹಗುರ ಎರಡೂ ಒಂದೇ ಡಬ್ಬಿಯಲ್ಲಿ ಬೇಕೆಂದರೆ ಇದೇ.

ಹಾಗಾದರೆ ಕಥೆ ಮುಗಿಯಿತಲ್ಲ ಅನ್ನಬೇಡಿ. ಬೆಲೆ ಸಾವಿರ ಡಾಲರ್ ದಾಟುತ್ತದೆ. ಅದಕ್ಕಿಂತ ದೊಡ್ಡ ತೊಂದರೆ, ಟಿಎ31ರ ಗಾಜಿನಿಂದ ಕಣ್ಣು ಒಂದೂವರೆ ಇಂಚಿನೊಳಗೆ ಇರಬೇಕು. ಎಆರ್-15ರ ಮೆಲ್ಲಗಿನ ಒದೆತಕ್ಕೆ ಅದು ಸರಿ. ಮೂರು ಕೆಜಿಯ .308 ಬೋಲ್ಟ್ ರೈಫಲ್ಲಿನ ಮೇಲೆ ಅದನ್ನಿಟ್ಟು ಹೊಡೆದರೆ ಸ್ಕೋಪ್ ಹಿಂದೆ ಬಂದು ಬಡಿದು ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಮೂಡುತ್ತದೆ. ಕನ್ನಡಕ ಇದ್ದವರಿಗಂತೂ ಕೇಳುವುದೇ ಬೇಡ. ಸಾಧಾರಣ ಬೇಟೆ ಸ್ಕೋಪುಗಳಲ್ಲಿ ಈ ಅಂತರ ಮೂರೂವರೆಯಿಂದ ನಾಲ್ಕು ಇಂಚು ಇರುತ್ತದೆ. ಒದೆಯುವ ರೈಫಲ್ಲಿಗೆ ಮೂರೂವರೆಗಿಂತ ಕಡಿಮೆ ಇರುವ ಯಾವ ಸ್ಕೋಪನ್ನೂ ನಾನು ಮುಟ್ಟುವುದಿಲ್ಲ. ಅಗ್ಗದ ಪ್ರಿಸಂಗಳು 300 ಡಾಲರಿನೊಳಗೂ ಸಿಗುತ್ತವೆ, ಅವುಗಳಲ್ಲೂ ಮೊದಲು ನೋಡಬೇಕಾದದ್ದು ಈ ಸಂಖ್ಯೆಯನ್ನೇ.

ಕೊನೆಯದು, ಒಂದೇ ಪವರಿನ ಹಳೇ ಮಾದರಿ ಕೊಳವೆ ಸ್ಕೋಪ್. 4×33, 6×42 ಇತ್ಯಾದಿ. ಝೂಮ್ ಇಲ್ಲ, ಆದ್ದರಿಂದ ಜಾರುವ ಭಾಗಗಳಿಲ್ಲ, ಕೆಡುವುದಕ್ಕೆ ಕಾರಣಗಳೂ ಕಡಿಮೆ. ಟೆಕ್ಸಸ್‌ನ ಎಸ್‌ಡಬ್ಲ್ಯೂಎಫ್‌ಎ ಕಂಪನಿಯ ಎಸ್‌ಎಸ್ 6×42 ಗಟ್ಟಿತನಕ್ಕೆ ಹೆಸರು ಮಾಡಿದೆ. ಟರೆಟ್ ಎಷ್ಟು ಸಲ ಮೇಲೆ ಕೆಳಗೆ ತಿರುಗಿಸಿದರೂ ಗುರಿ ಹೊರಟ ಜಾಗಕ್ಕೇ ವಾಪಸ್ ಬರುತ್ತದೆ ಅಂತ ಬಳಸಿದವರೆಲ್ಲ ಹೇಳುತ್ತಾರೆ. ಆದರೆ ಅರ್ಧ ಕೆಜಿ ದಾಟುತ್ತದೆ. ನೋಡಿ, ಇಲ್ಲೇ ನಮ್ಮ ಮೂಲ ಜಗಳ. ದಪ್ಪ ಲೋಹ, ಬಲವಾದ ಸ್ಪ್ರಿಂಗ್ ಹಾಕಿದರೆ ತೂಕ ಬಂದೇ ಬರುತ್ತದೆ. ಹಗುರದ 4 ಪವರಿನವು ಹೊಸದಾಗಿ ಸಿಗುವುದು ಕಷ್ಟವಾಗಿದೆ, ಝೂಮ್ ಎಲ್ಲರಿಗೂ ಬೇಕಲ್ಲ. ಹಳೆಯ ಸಾಮಾನಿನ ಅಂಗಡಿಯಲ್ಲಿ ಲೂಪೋಲ್ಡಿನ 4×33 ಕಂಡರೆ ಬಿಡಬೇಡಿ. ಸುಮಾರು 260 ಗ್ರಾಂ. ಯಾರ ಕೈಯಿಂದ ಬಂದಿದ್ದರೂ ಆ ಕಂಪನಿ ರಿಪೇರಿ ಮಾಡಿಕೊಡುತ್ತದೆ. ರಸೀದಿ ಕೇಳುವುದಿಲ್ಲ. ವೋರ್ಟೆಕ್ಸ್‌ನವರದ್ದೂ ಅಂಥದ್ದೇ ವಾರಂಟಿ.

ವಾರಂಟಿ ಒಳ್ಳೆಯದೇ. ಆದರೆ ವಾರಂಟಿ ಮತ್ತು ಗಟ್ಟಿತನ ಒಂದೇ ಅಲ್ಲ. ಕೆಟ್ಟ ಮೇಲೆ ಹೊಸದು ಕೊಡುತ್ತಾರೆ, ಸರಿ. ಕೆಟ್ಟದ್ದು ಋತುವಿನ ಮೊದಲ ಬೆಳಿಗ್ಗೆ ಆದರೆ ಏನು ಮಾಡುತ್ತೀರಿ?

ಗುರಿಗೆರೆ, ಕ್ಲಿಕ್ಕು ಇತ್ಯಾದಿ

ಇದರ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. 300 ಗಜದೊಳಗೆ ಅದಕ್ಕೆ ಅಷ್ಟು ಬೆಲೆ ಇಲ್ಲ. .308ರ 150 ಗ್ರೇನ್ ತೂಕದ ಗುಂಡನ್ನು 200 ಗಜಕ್ಕೆ ಝೀರೋ ಮಾಡಿದರೆ 100ರಲ್ಲಿ ಸುಮಾರು ಎರಡು ಇಂಚು ಮೇಲೆ, 300ರಲ್ಲಿ ಎಂಟೊಂಬತ್ತು ಇಂಚು ಕೆಳಗೆ ಬೀಳುತ್ತದೆ. ಅಂದರೆ 200ರವರೆಗೆ ಎದೆಯ ನಡುವೆ ಇಟ್ಟು ಹೊಡೆಯಿರಿ. 300ರಲ್ಲಿ ಬೆನ್ನಿನ ಗೆರೆಗೆ ಸ್ವಲ್ಪ ಕೆಳಗೆ ಇಡಿ. ಇದಕ್ಕೆ ಕ್ರಿಸ್‌ಮಸ್ ಗಿಡದಂಥ ರೆಟಿಕಲ್ ಬೇಡ. ದಪ್ಪ ಗೆರೆ ನಡುವೆ ಸಣ್ಣದಾಗುವ ಡುಪ್ಲೆಕ್ಸ್ ಸಾಕು. ಮುಸ್ಸಂಜೆಯಲ್ಲಿ ಕಾಣುವುದೂ ಆ ದಪ್ಪ ಗೆರೆಯೇ. ಪವರ್ ಏರಿಸಿದಾಗ ಗುರಿಗೆರೆಯೂ ದೊಡ್ಡದಾಗಬೇಕಾ (ಫಸ್ಟ್ ಫೋಕಲ್ ಪ್ಲೇನ್), ಇದ್ದಷ್ಟೇ ಇರಬೇಕಾ (ಸೆಕೆಂಡ್ ಫೋಕಲ್ ಪ್ಲೇನ್) ಅನ್ನುವ ಜಗಳವೂ ಇಲ್ಲಿ ನಮಗೆ ಬೇಡದ್ದು.

ಟರೆಟ್ಟಿನ ಒಂದೊಂದು ಕ್ಲಿಕ್ಕು ಗುರಿಯನ್ನು ಎಷ್ಟು ಸರಿಸುತ್ತದೆ ಅನ್ನುವ ಕೋನದ ಅಳತೆ ಎಂಒಎ ಅಥವಾ ಮಿಲ್, ಯಾವುದು ಅಭ್ಯಾಸವೋ ಅದು. ಕಾಲು ಎಂಒಎ ಕ್ಲಿಕ್ಕು 100 ಗಜದಲ್ಲಿ ಕಾಲು ಇಂಚು, ಒಂದು ಮಿಲ್‌ನ ಹತ್ತನೇ ಒಂದು ಭಾಗ 100 ಮೀಟರಿನಲ್ಲಿ ಒಂದು ಸೆಂಟಿಮೀಟರ್. ಗಜ-ಇಂಚಿನ ದೇಶದಲ್ಲಿ ಮೊದಲನೆಯದು, ಮೀಟರಿನಲ್ಲಿ ಯೋಚಿಸುವವರಿಗೆ ಎರಡನೆಯದು. ಟರೆಟ್ಟಿಗೆ ಮುಚ್ಚಳ ಇರುವುದನ್ನೇ ಆರಿಸಿ. ತೆರೆದ ಟರೆಟ್ ಚೀಲದಿಂದ ಎಳೆಯುವಾಗ ತಾನೇ ತಿರುಗಿಬಿಡುತ್ತದೆ. ಪ್ಯಾರಲಾಕ್ಸ್, ಅಂದರೆ ಕಣ್ಣು ಸರಿದರೆ ಗುರಿಗೆರೆಯೂ ಸರಿದಂತೆ ಕಾಣುವುದು, ಸರಿಪಡಿಸುವ ಗುಂಡಿ ಬೇಡ. 100 ಅಥವಾ 150 ಗಜಕ್ಕೆ ಕಂಪನಿಯಲ್ಲೇ ಹೊಂದಿಸಿರುತ್ತಾರೆ. 300ರಲ್ಲಿ ಕಣ್ಣು ಪೂರ್ತಿ ಓರೆಯಾಗಿದ್ದರೂ ಹೆಚ್ಚೆಂದರೆ ಒಂದೂವರೆ ಇಂಚಿನ ತಪ್ಪು. ಗುಂಡಿ ಒಂದು ಕಡಿಮೆಯಾದರೆ ನೀರು ನುಗ್ಗುವ ತೂತೂ ಒಂದು ಕಡಿಮೆ.

ಸ್ಕೋಪಿನ ತಪ್ಪಲ್ಲ, ರಿಂಗಿನ ತಪ್ಪು

ಸ್ಕೋಪ್ ಕೆಟ್ಟಿದೆ ಅಂತ ವಾಪಸ್ ಕಳಿಸುವವರಲ್ಲಿ ಬಹಳ ಜನರದ್ದು ಕೆಟ್ಟಿರುವುದೇ ಇಲ್ಲ. ರಿಂಗುಗಳು ಕೂರುವ ಕೆಳಗಿನ ಬೇಸು ಸಡಿಲ, ಇಲ್ಲವೇ ರಿಂಗು ಸಡಿಲ. ಅಥವಾ ಉಲ್ಟಾ, ರಿಂಗನ್ನು ಎಷ್ಟು ಬಿಗಿದಿರುತ್ತಾರೆಂದರೆ ಕೊಳವೆ ಜಜ್ಜಿ ಒಳಕೊಳವೆ ಸಿಕ್ಕಿಕೊಂಡಿರುತ್ತದೆ. ವೋರ್ಟೆಕ್ಸ್‌ನವರು ರಿಂಗಿನ ತಿರುಪಿಗೆ 15ರಿಂದ 18 ಇಂಚ್-ಪೌಂಡ್ (ತಿರುಪು ಬಿಗಿಯುವ ಬಲದ ಅಳತೆ) ಸಾಕು ಅನ್ನುತ್ತಾರೆ. ಲೂಪೋಲ್ಡ್‌ನವರು ತಮ್ಮ ರಿಂಗುಗಳಿಗೆ 28 ಹೇಳುತ್ತಾರೆ. ನಿಮ್ಮ ರಿಂಗಿನ ಡಬ್ಬಿಯಲ್ಲಿ ಬರೆದದ್ದನ್ನು ಪಾಲಿಸಿ, ಮತ್ತು ಅಳತೆ ತೋರಿಸುವ ಟಾರ್ಕ್ ತಿರುಪುಳಿ ಒಂದನ್ನು ಕೊಳ್ಳಿ. ಕೈಯಂದಾಜಿನಲ್ಲಿ ಬಿಗಿಯುವುದು ಸೈಕಲ್ಲಿಗೆ ಸರಿ.

ಕೊಳವೆ ಒಂದು ಇಂಚಿನದೋ 30 ಮಿಲಿಮೀಟರಿನದೋ ನೋಡಿಕೊಂಡೇ ರಿಂಗು ತರಬೇಕು. ಒಂದಕ್ಕೊಂದು ಆಗಿಬರುವುದಿಲ್ಲ. 30 ಮಿಲಿಮೀಟರ್ ಕೊಳವೆಯಲ್ಲಿ ಜಾಸ್ತಿ ಬೆಳಕು ಬರುತ್ತದೆ ಅನ್ನುವ ಮಾತು ಸುಳ್ಳು. ಗುರಿ ಹೊಂದಿಸಲು ಒಳಗೆ ಜಾಸ್ತಿ ಜಾಗ ಇರುತ್ತದೆ, ಲೋಹ ಸ್ವಲ್ಪ ಗಟ್ಟಿ, ಅಷ್ಟೇ. ಬಜೆಟ್ 400 ಡಾಲರ್ ಇದ್ದರೆ ನಾನು 300 ಸ್ಕೋಪಿಗೆ, 100 ಬೇಸು ಮತ್ತು ರಿಂಗಿಗೆ ಇಡುತ್ತೇನೆ. ಸಾವಿರದ ಸ್ಕೋಪನ್ನು 20 ಡಾಲರಿನ ರಿಂಗಿನಲ್ಲಿ ಕೂರಿಸಿದವರನ್ನು ಕಂಡಿದ್ದೇನೆ. ರೇಷ್ಮೆ ಪಂಚೆಗೆ ಸೆಣಬಿನ ಉಡಿದಾರ.

ನೀವೇ ಮಾಡಬಹುದಾದ ಪರೀಕ್ಷೆ

ಹೊಸ ಸ್ಕೋಪ್ ಬಂದ ವಾರವೇ ಮಾಡಿ, ವಾಪಸ್ ಕೊಡುವ ಅವಧಿ ಮುಗಿಯುವ ಮುನ್ನ. ಮೊದಲು 25 ಗಜದಲ್ಲಿ ಕಾಗದದ ಮೇಲೆ ಗುಂಡು ಬೀಳುವ ಹಾಗೆ ಮಾಡಿಕೊಳ್ಳಿ. ಆಮೇಲೆ 100ಕ್ಕೆ ಹೋಗಿ ಝೀರೋ ಮಾಡಿ. ನಂತರ ದೊಡ್ಡ ಕಾಗದ ಕಟ್ಟಿ, ಯಾವಾಗಲೂ ಒಂದೇ ಚುಕ್ಕಿಗೆ ಗುರಿ ಇಟ್ಟು, 20 ಕ್ಲಿಕ್ಕು ಮೇಲೆ ಮಾಡಿ ಒಂದು ಹೊಡೆಯಿರಿ. 20 ಬಲಕ್ಕೆ ಮಾಡಿ ಒಂದು, 20 ಕೆಳಗೆ ಮಾಡಿ ಒಂದು, 20 ಎಡಕ್ಕೆ ಮಾಡಿ ಒಂದು. ಕಾಲು ಎಂಒಎ ಆದರೆ ಐದೈದು ಇಂಚಿನ ಚೌಕ ಬರಬೇಕು, ಕೊನೆಯ ಗುಂಡು ಮೊದಲಿನ ಝೀರೋ ಪಕ್ಕದಲ್ಲೇ ಬೀಳಬೇಕು. ಚೌಕ ಸೊಟ್ಟಗಾದರೆ ಸ್ಕೋಪ್ ವಾಪಸ್.

ಪವರ್ ಉಂಗುರ ತಿರುಗಿಸಿ ಇನ್ನೊಂದು ನೋಡಿ. ಕಡಿಮೆ ಪವರಿನಲ್ಲಿ ಮೂರು, ಜಾಸ್ತಿ ಪವರಿನಲ್ಲಿ ಮೂರು. ಎರಡೂ ಗುಂಪು ಒಂದೇ ಕಡೆ ಬೀಳಬೇಕು. ಆಮೇಲೆ ರೈಫಲ್ಲನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಒಂದು ವಾರ ಓಡಾಡಿ, ಮತ್ತೆ ಬಂದು ಒಂದೇ ಒಂದು ತಣ್ಣನೆಯ ಬ್ಯಾರೆಲ್ಲಿನ ಈಡು ಹೊಡೆಯಿರಿ. ಆ ಒಂದು ಗುಂಡು ಎಲ್ಲಿ ಬಿತ್ತು ಅನ್ನುವುದೇ ನನಗೆ ಉಳಿದೆಲ್ಲ ಪರೀಕ್ಷೆಗಿಂತ ಹೆಚ್ಚು. ಬೇಟೆಯಲ್ಲಿ ಸಿಗುವುದೂ ಆ ಒಂದೇ.

ಊರಿಗೆ ಒಂದು ತರುತ್ತೀಯಾ?

ಪ್ರತಿ ಸಲ ಊರಿಗೆ ಹೊರಟಾಗ ಯಾರಾದರೂ ಒಬ್ಬರು ಇದನ್ನು ಕೇಳುತ್ತಾರೆ. ಕೊಡವರಿಗೆ ಬಂದೂಕು ಲೈಸೆನ್ಸಿನಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿದೆ, ಸರಿ. ಆದರೆ ಬಂದೂಕಿನ ಸ್ಕೋಪ್ ಅಮೆರಿಕದ ರಫ್ತು ನಿಯಂತ್ರಣದ ಪಟ್ಟಿಯಲ್ಲಿರುವ ವಸ್ತು. ಅಮೆರಿಕದ ನಿಯಮ, ಭಾರತದ ಕಸ್ಟಮ್ಸ್, ಎರಡನ್ನೂ ಬರಹದಲ್ಲಿ ವಿಚಾರಿಸದೆ ಸೂಟ್‌ಕೇಸಿಗೆ ಹಾಕಿಕೊಂಡು ಹೊರಡಬೇಡಿ. ಚಾಕೊಲೇಟ್ ಡಬ್ಬಿಯ ಪಕ್ಕ ಇಟ್ಟರೆ ಗೊತ್ತಾಗಲ್ಲ ಅಂತ ನಮ್ಮ ಮಾವ ಒಬ್ಬರು ಸಲಹೆ ಕೊಟ್ಟಿದ್ದರು. ಎಕ್ಸ್‌ರೇಯಲ್ಲಿ ಅದಕ್ಕಿಂತ ಚೆನ್ನಾಗಿ ಕಾಣುವ ವಸ್ತು ಇನ್ನೊಂದಿಲ್ಲ. ಅಲ್ಲದೆ 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಊರಿನಲ್ಲಿ ಬೇಟೆ ಇಲ್ಲ. ಉಳಿದದ್ದು ತೆಂಗಿನಕಾಯಿ. ತೆಂಗಿನಕಾಯಿಗೆ ಸ್ಕೋಪ್ ಹಾಕಿ ಹೊಡೆದರೆ ಅಜ್ಜ ಇದ್ದಿದ್ದರೆ ಮನೆಯೊಳಗೆ ಸೇರಿಸುತ್ತಿರಲಿಲ್ಲ.

ಚಿಕ್ಕಪ್ಪನ ಮಗ ಕೊನೆಗೆ 3-9×40 ಕೊಂಡ. ನಾನು ಹೇಳಿದ 2-7 ಅಲ್ಲ. "9 ಇರಲಿ ಅಣ್ಣ, ಒಂದು ವೇಳೆಗೆ" ಅಂದ. ಡಿಸೆಂಬರಿನಲ್ಲಿ ಒಟ್ಟಿಗೆ ಹೋಗಿದ್ದೆವು. 90 ಗಜದಲ್ಲಿ ಒಂದು ಹೆಣ್ಣು ಜಿಂಕೆ ಬಂತು, ಅವನು ಒಂದೇ ಈಡಿಗೆ ಹೊಡೆದ. ಆಮೇಲೆ ಸ್ಕೋಪಿನ ಉಂಗುರ ನೋಡಿದೆ. ಅದು 3ರಲ್ಲಿತ್ತು.